ತಾತ ಬಿತ್ತಿದ ಗಿಡ ಯಾವುದು?

ಬೆಂಗಳೂರಿನ ಬಡಾವಣೆಯೊಂದರಲ್ಲಿ ಒಂದು ಮನೆ. ಹಿತ್ತಿಲ ಕಾಂಪೌಂಡ್ ಗೋಡೆಯಿಂದ ಎರಡೇ ಅಡಿ ದೂರದಲ್ಲಿ ಒಂದು ಗಿಡ ಎದೆಯೆತ್ತರಕ್ಕೆ ಬೆಳೆದು ನಿಂತಿತ್ತು. ಅದನ್ನು ಬಿತ್ತಿದ ತಾತ ಈಗ ಇಲ್ಲ. ಬೆಳಗಿನ ತಿರುಗಾಟದಲ್ಲಿ ಮೊಮ್ಮಗಳೊಡನೆ ಸಾಲುಮರಗಳ ಕೆಳಗೆ ಆಯ್ದ ಬೀಜಗಳನ್ನೆಲ್ಲ ಅವರು ಒಂದೇ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಹಿಂದಿನ ಮುಂಗಾರಿನಲ್ಲಿ ಅವುಗಳಲ್ಲಿ ಒಂದು ಹಿಡಿಯನ್ನು ಬಿತ್ತಿದರು. ಮೊಳೆತವುಗಳಲ್ಲಿ ಉಳಿದುದು ಇದೊಂದೇ.

ಗೋಡೆಯ ಬಿರುಕು ಮುಚ್ಚಲು ಬಂದ ಗಾರೆಯವನು, “ಇದು ಗುಲ್‌ಮೊಹರ್ ಸ್ವಾಮಿ, ಗೋಡೆಯನ್ನೇ ಎತ್ತಿಬಿಡುತ್ತೆ, ಈಗಲೇ ಕಡಿಸಿಬಿಡಿ” ಎಂದ. ಮನೆಯ ಯಜಮಾನರಿಗೆ ಅದು ಜಕರಂಡಾ ಎನಿಸಿತು. ಮಗಳಿಗೆ ಮಾತ್ರ ಅದು ತಾತನ ಗಿಡ. ಕಡಿಯುವ ಮಾತು ಕೇಳಿದೊಡನೆ ಅವಳ ಕಣ್ಣು ತುಂಬಿತು.

ಇಂಥ ಗೊಂದಲ ಅಪರೂಪವೇನಲ್ಲ. ಬೆಂಗಳೂರಿನ ಬೀದಿಗಳಿಗೆ ಬಣ್ಣ ತುಂಬುವ ಮರಗಳಲ್ಲಿ ಹಲವು ದೂರದೇಶದವು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಸಸ್ಯತಜ್ಞ ಕೃಂಬಿಗಲ್ ಅವರು ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ಇಂದು ಮಡಗಾಸ್ಕರ್ ದ್ವೀಪದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂಡಾ, ಹಳದಿ ಹೂವಿನ ಪೆಲ್ಟೋಫೋರಂ ಇವೆಲ್ಲ ನಗರದಲ್ಲಿ ಒಂದರ ನೆರೆಯಲ್ಲೊಂದು ಬೆಳೆದಿವೆ. ಕಾಯಿ ಕಂಡರೆ ಮಕ್ಕಳೂ ಇವನ್ನು ಗುರುತಿಸಬಲ್ಲರು. ಗುಲ್‌ಮೊಹರಿನದು ಕತ್ತಿಯಂತೆ ಉದ್ದ. ಕತ್ತಿಕಾಯಿ ಮರವೆಂಬ ಹೆಸರು ಬಂದುದೇ ಅದರಿಂದ. ಜಕರಂಡಾದ್ದು ಚಪ್ಪಟೆಯಾದ ದುಂಡುಕಾಯಿ. ಒಳಗೆ ರೆಕ್ಕೆಯುಳ್ಳ ತೆಳುಬೀಜ. ಪೆಲ್ಟೋಫೋರಂನದು ತಾಮ್ರವರ್ಣದ ತೆಳುಕಾಯಿ. ಆದರೆ ಎಳೆಯ ಗಿಡದಲ್ಲಿ ಹೂವೆಲ್ಲಿ, ಕಾಯಿಯೆಲ್ಲಿ? ಇರುವುದು ಎಲೆ; ಅದೋ ಮೂರರಲ್ಲಿಯೂ ಗರಿಯಂಥದೇ.

ಗುರುತಿಸುವವರು ಮೊದಲು ಒಂದು ಮಾತನ್ನು ನೆನಪಿಡಬೇಕು. ಉದ್ದನೆಯ ಗರಿ ಇಡಿಯಾಗಿ ಒಂದೇ ಎಲೆ. ಅದರಲ್ಲಿನ ನೂರಾರು ಸಣ್ಣ ದಳಗಳು ಕಿರುಎಲೆಗಳು. ಈ ಗರಿಗಳು ಕಾಂಡಕ್ಕೆ ಸೇರುವ ಬಗೆಯನ್ನು ನೋಡಬೇಕು. ಒಂದೇ ಗೆಣ್ಣಿನಲ್ಲಿ ಎರಡು ಗರಿಗಳು ಎದುರುಬದುರಾಗಿದ್ದು, ಕಿರುಎಲೆಯ ತುದಿ ಚೂಪಾಗಿದ್ದರೆ ಜಕರಂಡಾ. ಗೆಣ್ಣಿಗೊಂದರಂತೆ ಗರಿ ಮೂಡಿದ್ದರೆ ಉಳಿದೆರಡರಲ್ಲಿ ಒಂದು. ಚಿಗುರಿನ ಮೇಲೆ ತುಕ್ಕಿನ ಬಣ್ಣದ ನವಿರುರೋಮವಿದ್ದರೆ ಅದು ಪೆಲ್ಟೋಫೋರಂ. ಚಿಗುರು ಹಸಿರಾಗಿದ್ದು, ತೊಟ್ಟಿನ ಬುಡದ ಎರಡು ಕಡೆಯೂ ಬಾಚಣಿಗೆಯ ಹಲ್ಲಿನಂತೆ ಸೀಳಿದ ಪುಟ್ಟ ಕಾವಿನೆಲೆಗಳಿದ್ದರೆ ಗುಲ್‌ಮೊಹರ್. ಬೀಜದಿಂದ ಆಗತಾನೆ ಎದ್ದ ಸಸಿಯ ಮೊದಲ ಎಲೆಗಳನ್ನು ಮಾತ್ರ ನಂಬಲಾಗದು. ಎಷ್ಟೋ ಜಾತಿಗಳಲ್ಲಿ ಅವು ಮುಂದಿನ ಎಲೆಗಳಂತಿರುವುದಿಲ್ಲ.

ಗಾರೆಯವನ ಆತಂಕವೂ ಸುಳ್ಳಲ್ಲ. ಗುಲ್‌ಮೊಹರಿನ ಬೇರು ಆಳಕ್ಕಿಳಿಯುವುದಕ್ಕಿಂತ ನೆಲದ ಮೇಲ್ಪದರದಲ್ಲಿ ಹಬ್ಬುವುದೇ ಹೆಚ್ಚು. ಬಲಿತ ಬೇರು ಗೋಡೆಯನ್ನೂ ಕಲ್ಲುಹಾಸನ್ನೂ ಎತ್ತುತ್ತದೆ. ಮುಂಗಾರುಪೂರ್ವದ ಬಿರುಗಾಳಿಗೆ ಕೊಂಬೆಗಳು ಸುಲಭವಾಗಿ ಮುರಿಯುತ್ತವೆ. ಮನೆಯ ಮಗ್ಗುಲಿಗೆ ಅದು ತಕ್ಕ ಮರವಲ್ಲ. ಬಯಲಿನಲ್ಲಾದರೆ ಅದರ ಕೊಡೆಯಂಥ ನೆರಳಿಗೆ ಎಣೆಯಿಲ್ಲ.

ತಾತ ಪತ್ರಿಕೆ ಓದಲು ಬಳಸುತ್ತಿದ್ದ ಭೂತಗನ್ನಡಿಯನ್ನು ಮೊಮ್ಮಗಳು ಹುಡುಕಿ ತಂದಳು. ತಂದೆ, ಮಗಳು ಇಬ್ಬರೂ ಗಿಡದ ಮುಂದೆ ಕುಳಿತರು. ಗೆಣ್ಣಿಗೊಂದೇ ಗರಿ. ತುಕ್ಕಿನ ಬಣ್ಣ ಎಲ್ಲಿಯೂ ಇಲ್ಲ. ತೊಟ್ಟಿನ ಬುಡದಲ್ಲಿ ಹಸಿರು ಬಾಚಣಿಗೆಯಂಥ ಕಾವಿನೆಲೆ. ಗಾರೆಯವನ ಮಾತೇ ನಿಜವಾಗಿತ್ತು.

ಆದರೆ ಒಂದು ವರ್ಷದ ಗಿಡಕ್ಕೆ ಕೊಡಲಿ ಬೇಕಿಲ್ಲ. ಮೊದಲ ಹದಮಳೆ ಬಿದ್ದ ಮರುದಿನ ಬೇರಿನ ಸುತ್ತಲ ಮಣ್ಣು ಒಡೆಯದಂತೆ ಅಗೆದು, ಗೋಣಿತಟ್ಟಿನಲ್ಲಿ ಕಟ್ಟಿ, ಒಪ್ಪಿಗೆ ಪಡೆದು ಅದನ್ನು ಹುಡುಗಿಯ ಶಾಲೆಯ ಆಟದ ಬಯಲಿನಂಚಿನಲ್ಲಿ ನೆಟ್ಟರು. ಕೆಂಪು ಹೂವಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಅಂದು ಸಂಜೆ ಅವಳು ತಾತನ ಡಬ್ಬಿಯನ್ನು ತೆರೆದು, ಉಳಿದಿದ್ದ ಬೀಜಗಳನ್ನು ಜಾತಿವಾರು ಬೇರ್ಪಡಿಸಿ, ಒಂದೊಂದು ಪೊಟ್ಟಣದ ಮೇಲೂ ಹೆಸರು ಬರೆದಿಟ್ಟಳು.