ಕ್ಲೌಡಿನಲ್ಲಿಟ್ಟ ಪಹಣಿ, ಕೀಲಿ ಯಾರ ಕೈಲಿ?

ಕಡೂರಿನ ತೆಂಗು ಬೆಳೆಗಾರರಿರಲಿ, ತರೀಕೆರೆಯ ಅಡಿಕೆ ತೋಟದವರಿರಲಿ, ಅಜ್ಜಂಪುರದ ಈರುಳ್ಳಿ ರೈತರಿರಲಿ, ದಾಖಲೆಗಳ ಕಟ್ಟು ಈಗ ಟ್ರಂಕಿನಲ್ಲಷ್ಟೇ ಇಲ್ಲ. ಪಹಣಿ, ಆಧಾರ್, ಪಾಸ್‌ಬುಕ್, ಕ್ರಯಪತ್ರ ಎಲ್ಲದರ ಫೋಟೊ ಮೊಬೈಲಿನಲ್ಲಿ. ಬ್ಯಾಕಪ್ ಆನ್ ಇದ್ದರೆ ಅಲ್ಲಿಂದ ತಾನಾಗಿಯೇ ಗೂಗಲ್ ಖಾತೆಗೆ. ಆ ಖಾತೆ ತೆರೆದುಕೊಟ್ಟವನು ಎಷ್ಟೋ ಸಲ ಸೈಬರ್ ಸೆಂಟರಿನ ಹುಡುಗ. ಪಾಸ್‌ವರ್ಡ್ ಅವನಿಗೆ ನೆನಪಿರುತ್ತದೆ, ಖಾತೆಯ ಯಜಮಾನನಿಗೆ ಇರುವುದಿಲ್ಲ.

ಹೀಗೆ ಹೋದ ಕಡತವನ್ನು ಕಂಪನಿ ತುಂಡು ಮಾಡಿ, ಗೂಢಲಿಪಿಗೆ ಇಳಿಸಿ, ಬೇರೆ ಬೇರೆ ಡೇಟಾ ಸೆಂಟರುಗಳಲ್ಲಿ ಪ್ರತಿ ಇಡುತ್ತದೆ. ಡಿಸ್ಕನ್ನೇ ಕದ್ದವನಿಗೂ ಅದು ಓದಲು ಬಾರದು. ಆದರೆ ಗೂಢಲಿಪಿ ಬಿಡಿಸುವ ಕೀಲಿ ಸಾಮಾನ್ಯವಾಗಿ ಕಂಪನಿಯ ಹತ್ತಿರವೇ ಇರುತ್ತದೆ. ಪಾಸ್‌ವರ್ಡ್ ಮರೆತರೂ ಫೋಟೊ ವಾಪಸ್ ಸಿಗುವುದು ಅದರಿಂದಲೇ. ಕಾನೂನಿನ ಪ್ರಕಾರ ಕೇಳಿದಾಗ ಕಂಪನಿ ತೆರೆದು ಕೊಡಬಲ್ಲದ್ದೂ ಅದರಿಂದಲೇ. 2011ರ ಜೂನ್ 19ರಂದು ಡ್ರಾಪ್‌ಬಾಕ್ಸ್ ಎಂಬ ಕ್ಲೌಡ್ ಸೇವೆಯಲ್ಲಿ ತಂತ್ರಾಂಶದ ಎಡವಟ್ಟಾಗಿ, ಸುಮಾರು ನಾಲ್ಕು ಗಂಟೆ ಯಾವ ಪಾಸ್‌ವರ್ಡ್ ಒತ್ತಿದರೂ ಖಾತೆ ತೆರೆಯುತ್ತಿತ್ತು. ಗೂಢಲಿಪಿ ಇತ್ತು, ಉಪಯೋಗಕ್ಕೆ ಬರಲಿಲ್ಲ. ಕೀಲಿ ಬಳಕೆದಾರರ ಸಾಧನದಲ್ಲೇ ಉಳಿಯುವ ಏರ್ಪಾಡನ್ನು ಆಪಲ್ 2022ರಲ್ಲಿ ಐಕ್ಲೌಡ್‌ಗೆ ತಂದಿತು, ಬೇಕೆಂದವರಿಗೆ ಮಾತ್ರ. ಅಲ್ಲಿ ಕೀಲಿ ಕಳೆದುಕೊಂಡರೆ ಕಂಪನಿಯೂ ಕೈಚೆಲ್ಲುತ್ತದೆ.

ಖಾಸಗಿ ಕಂಪನಿಗಳನ್ನೇ ದೂರಿ ಸುಮ್ಮನಾಗುವಂತಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಹಲವರ ಬ್ಯಾಂಕ್ ಖಾತೆಯಿಂದ ಒಟಿಪಿ ಇಲ್ಲದೆ ಹಣ ಹೋಯಿತು. ರಾಜ್ಯದ ಕಾವೇರಿ ನೋಂದಣಿ ಜಾಲತಾಣದ ಕ್ರಯಪತ್ರಗಳಲ್ಲಿದ್ದ ಹೆಬ್ಬೆಟ್ಟು ಗುರುತು, ಆಧಾರ್ ಸಂಖ್ಯೆಗಳನ್ನು ವಂಚಕರು ಬಳಸಿಕೊಂಡಿದ್ದರು. ಆಮೇಲೆ ಅವನ್ನು ಮರೆಮಾಚುವ ಕೆಲಸ ಶುರುವಾಯಿತು.

ಖಾಸಗಿತನದ ಹಕ್ಕಿನ ಕಥೆಯಲ್ಲೂ ಕರ್ನಾಟಕದ ಪಾತ್ರ ದೊಡ್ಡದು. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು ಹೊರಬರಲು 2025ರ ನವೆಂಬರ್ ಆಯಿತು. ಕಂಪನಿಗಳ ಮುಖ್ಯ ಹೊಣೆಗಳಿಗೆ ಮತ್ತೆ 18 ತಿಂಗಳ ಗಡುವು. ಅವಸರವೇನೂ ಕಾಣುವುದಿಲ್ಲ!

ನಮ್ಮ ಮಾಹಿತಿ ಏನೇನಿದೆ ಎಂದು ಕೇಳುವ, ತಿದ್ದಿಸುವ, ಅಳಿಸಿಸುವ ಹಕ್ಕು ಕಾಯ್ದೆಯಲ್ಲಿದೆ. ನಾಮಿನಿ ನೇಮಿಸುವ ಹಕ್ಕು ಹಳ್ಳಿಯವರಿಗೆ ಬೇಗ ಅರ್ಥವಾದೀತು: ಜಮೀನಿಗೆ ಪೌತಿ ಖಾತೆ ಇದ್ದಂತೆ, ಸತ್ತವರ ದತ್ತಾಂಶದ ಪರವಾಗಿ ಕೇಳಲು ಒಬ್ಬರು. ಅದು ಜಾರಿಗೆ ಬರುವವರೆಗೆ ಕಾಯಬೇಕಿಲ್ಲ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಅಷ್ಟರೊಳಗೆ ಯಾರಿಗೆ ತಿಳಿಸಬೇಕು, ಯಾವುದನ್ನು ಕೊಡಬೇಕು ಎಂದು ಸೆಟ್ಟಿಂಗ್ಸ್‌ನಲ್ಲಿ ಈಗಲೇ ಬರೆದಿಡಬಹುದು. ಅದಕ್ಕೂ ಮೊದಲು ಆಗಬೇಕಾದ ಕೆಲಸ, ರಿಕವರಿ ನಂಬರಿನ ಜಾಗದಲ್ಲಿ ಸೈಬರ್ ಸೆಂಟರಿನ ನಂಬರಿದ್ದರೆ ತೆಗೆದು ಸ್ವಂತದ್ದನ್ನು ಹಾಕಿ, ಪಾಸ್‌ವರ್ಡ್ ಬದಲಿಸುವುದು.