ಸತ್ತದ್ದು ಬ್ಯಾಂಡಲ್ಲ, ಬ್ಯಾಟರಿ!

ಫಿಟ್‌ನೆಸ್ ಬ್ಯಾಂಡ್ ಕೊಂಡವರಲ್ಲಿ ಹೆಚ್ಚಿನವರ ಕತೆ ಒಂದೇ. ಮೊದಲ ವಾರ ಹೆಜ್ಜೆ ಎಣಿಸುವುದೇ ಸಂಭ್ರಮ. ಮೊದಲ ವರ್ಷ ಒಮ್ಮೆ ಚಾರ್ಜ್ ಮಾಡಿದರೆ ಹತ್ತು ದಿನ ನಿಶ್ಚಿಂತೆ. ಎರಡನೆಯ ವರ್ಷಕ್ಕೆ ಹತ್ತು ಐದಾಗುತ್ತದೆ. ಆಮೇಲಾಮೇಲೆ ಬೆಳಿಗ್ಗೆ ಕಟ್ಟಿಕೊಂಡದ್ದು ಮಧ್ಯಾಹ್ನಕ್ಕೇ ಕಣ್ಣು ಮುಚ್ಚುತ್ತದೆ. ಕೊನೆಗೆ ಹಳೆಯ ಇಯರ್‌ಫೋನು, ತುಂಡಾದ ಚಾರ್ಜರ್ ವೈರುಗಳ ಜೊತೆ ಡ್ರಾವರ್ ಸೇರುತ್ತದೆ.

ನನ್ನ ಬ್ಯಾಂಡು ಅಣ್ಣ ಬಳಸಿ ಕೊಟ್ಟದ್ದು. ವಯಸ್ಸು ನಾಲ್ಕು ವರ್ಷ. ನಾನು ಧಾರವಾಡದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದೇನೆ. ದೈಹಿಕ ಪರೀಕ್ಷೆಯಲ್ಲಿ 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಅಂದರೆ 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ ಹೆಚ್ಚೆಂದರೆ 97 ಸೆಕೆಂಡು. ಮೊದಲ ಸುತ್ತಿನಲ್ಲೇ ಉಸಿರೆಲ್ಲ ಖರ್ಚು ಮಾಡಿದರೆ ನಾಲ್ಕನೆಯದರಲ್ಲಿ ಕಾಲು ಏಳುವುದಿಲ್ಲ. ಹಾಗಾಗಿ ಸಮಯ, ಎದೆಬಡಿತ ಎರಡೂ ಕೈಮೇಲೆ ಕಾಣುವುದು ನನ್ನಂಥವರಿಗೆ ಶೋಕಿಯಲ್ಲ. ಆದರೆ ಕೋಚಿಂಗ್ ಫೀ, ರೂಮಿನ ಬಾಡಿಗೆ, ಲೈಬ್ರರಿ ದುಡ್ಡು ಕಟ್ಟಿದ ಮೇಲೆ ಹೊಸ ಬ್ಯಾಂಡಿಗೆಂದು ಇನ್ನೆರಡು ಸಾವಿರ ಕಳಿಸಿ ಅಂತ ಮನೆಗೆ ಫೋನ್ ಮಾಡಲು ಮನಸ್ಸು ಬರಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ, ಇದರ ಬ್ಯಾಟರಿ ಬದಲಿಸುವ ಪದ್ಧತಿಯೇ ಇಲ್ಲ ಎಂದರು. ಮೊಬೈಲ್ ಅಂಗಡಿಯ ಕಾಕಾ ತಿರುಗಿಸಿ ನೋಡಿ, "ತಮ್ಮಾ, ಇದನ್ನೆಲ್ಲಾ ಯಾರ ರಿಪೇರಿ ಮಾಡಸ್ತಾರ? ಹೊಸಾದ ತಗೋ" ಎಂದು ವಾಪಸ್ ಕೊಟ್ಟರು. ನಮ್ಮೂರಿನ ಗೆಳೆಯನೊಬ್ಬ ಐಟಿಐನಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಟ್ರೇಡ್ ಮುಗಿಸಿ ಇಲ್ಲೇ ಕೆಲಸ ಹುಡುಕುತ್ತಿದ್ದ. ಅವನು ಮಾತ್ರ, "ಸತ್ತದ್ದು ಬ್ಯಾಂಡೋ ಬ್ಯಾಟರಿಯೋ? ಮೊದಲ ಅದನ್ನ ನೋಡೂಣು" ಎಂದ.

ರೋಗ ಯಾವುದು?

ಚಾರ್ಜ್ ನಿಲ್ಲದ ಬ್ಯಾಂಡಿಗೆಲ್ಲ ಬ್ಯಾಟರಿಯದೇ ರೋಗವಿರಬೇಕೆಂದಿಲ್ಲ. ಕೆಳಗಿನ ಎರಡು ಲೋಹದ ಚುಕ್ಕೆಗಳ ಮೂಲಕವೇ ಕರೆಂಟು ಒಳಹೋಗಬೇಕು. ದಿನವೂ ಬೆವರು ಕುಡಿದು ಅಲ್ಲಿ ಉಪ್ಪಿನ ಪದರ ಕಟ್ಟುತ್ತದೆ, ಲೋಹ ಹಸಿರುಗಟ್ಟುತ್ತದೆ. ಗೆಳೆಯ ಹಳೆಯ ಟೂತ್‌ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಬ್ಯಾಂಡಿನ ಚುಕ್ಕೆಗಳನ್ನೂ ಚಾರ್ಜರಿನ ಪಿನ್ನುಗಳನ್ನೂ ಉಜ್ಜಿದ. ಮಲ್ಟಿಮೀಟರ್ ಇಟ್ಟರೆ ಚಾರ್ಜರಿನಲ್ಲಿ 5 ವೋಲ್ಟ್ ಸರಿಯಾಗಿ ಬರುತ್ತಿತ್ತು. ಎಷ್ಟೋ ಬ್ಯಾಂಡುಗಳು ಇಷ್ಟಕ್ಕೇ ಎದ್ದು ಕೂರುತ್ತವಂತೆ. ನನ್ನದು ನೂರಕ್ಕೆ ನೂರು ಚಾರ್ಜ್ ತೋರಿಸಿತು, ಅರ್ಧ ದಿನದಲ್ಲಿ ಆರಿತು. ರೋಗ ಒಳಗೇ ಇದೆ ಎನ್ನುವುದು ಖಾತ್ರಿಯಾಯಿತು.

ಲಿಥಿಯಂ ಬ್ಯಾಟರಿಗೆ ಮುಪ್ಪು ಬರುವುದು ಹೀಗೆ: ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳೊಳಗೆ ಹೋಗಿ ಕೂರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಈ ಓಡಾಟದಲ್ಲಿ ಗ್ರಾಫೈಟಿನ ಮೇಲೆ ತೆಳುವಾದ ಪೊರೆ ಬೆಳೆಯುತ್ತ ಒಂದಿಷ್ಟು ಲಿಥಿಯಮ್ಮನ್ನು ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ 300ರಿಂದ 500 ಪೂರ್ಣ ಚಾರ್ಜ್‌ಗಳ ಹೊತ್ತಿಗೆ ಸಾಮರ್ಥ್ಯ ಶೇ 80ಕ್ಕೆ ಇಳಿಯುತ್ತದೆ. ಬಿಸಿಲಿನಲ್ಲಿಟ್ಟರೆ, ಸದಾ ಪೂರ್ತಿ ತುಂಬಿಟ್ಟರೆ ಇನ್ನೂ ಬೇಗ. ಪೂರ್ತಿ ಖಾಲಿಯಾದದ್ದನ್ನು ತಿಂಗಳುಗಟ್ಟಲೆ ಬಿಟ್ಟರೂ ಕೆಡುತ್ತದೆ. ಫೋನಿನ ಬ್ಯಾಟರಿ 5000 ಎಂಎಎಚ್ ಇದ್ದರೆ ಬ್ಯಾಂಡಿನದು ನೂರು, ನೂರೈವತ್ತರ ಆಸುಪಾಸು. ಇಷ್ಟೇ ಇಷ್ಟರಲ್ಲಿ ಸ್ವಲ್ಪ ಕಳೆದರೂ ಎದ್ದು ಕಾಣುತ್ತದೆ. ಗೆಳೆಯ ಹೇಳಿದ್ದು ನನಗೆ ಪಾಠಕ್ಕಿಂತ ಚೆನ್ನಾಗಿ ಅರ್ಥವಾಯಿತು: "ಬಕೆಟ್ ತುಂಬೇದ ಅಂತ ತೋರಸ್ತದ. ಆದ್ರ ಬಕೆಟ್ಟ ಈಗ ಚೊಂಬಾಗೇದ."

ಬಿಚ್ಚುವ ಕೆಲಸ

ಬ್ಯಾಂಡಿಗೆ ಸ್ಕ್ರೂ ಇಲ್ಲ. ಪರದೆಯನ್ನು ಅಂಟಿನಿಂದಲೇ ಕೂರಿಸಿರುತ್ತಾರೆ. ಮೊದಲು ಬ್ಯಾಟರಿ ಹೆಚ್ಚುಕಡಿಮೆ ಖಾಲಿಯಾಗಲು ಬಿಟ್ಟೆವು. ತುಂಬಿದ ಬ್ಯಾಟರಿಗೆ ಪೆಟ್ಟಾದರೆ ಅಪಾಯ ಹೆಚ್ಚು. ಮನೆ ಮಾಲೀಕರ ಮಗಳು ಅಕ್ಕೋರ ಹತ್ತಿರ ಹೇರ್ ಡ್ರೈಯರ್ ಕೇಳಿ ತಂದೆ. ಒಂದೇ ಕಡೆ ಹಿಡಿಯದೆ ಅಂಚಿನ ಸುತ್ತ ಆಡಿಸುತ್ತ, ಬೆರಳಿಗೆ ಚುರುಕ್ಕೆನ್ನುವಷ್ಟು ಮಾತ್ರ ಬಿಸಿ ಮಾಡಿದೆವು. ಅಂಟು ಮೆತ್ತಗಾದ ಮೇಲೆ ಅವಧಿ ಮುಗಿದ ಎಟಿಎಂ ಕಾರ್ಡಿನ ಮೂಲೆಯನ್ನು ಸಂದಿಗೆ ತೂರಿಸಿ ನಿಧಾನ ಸರಿಸಿದರೆ ಪರದೆ ಬಾಯಿ ಬಿಟ್ಟಿತು. ಇಲ್ಲಿ ಜೋರು ಮಾಡುವಂತಿಲ್ಲ. ಪರದೆಯ ಕೆಳಗೆ ಕಾಗದದಷ್ಟು ತೆಳುವಾದ ಪಟ್ಟಿ ಕೇಬಲ್ ಇರುತ್ತದೆ. ಅದು ಹರಿದರೆ ಬ್ಯಾಂಡಿನ ಆಸೆ ಬಿಡಬೇಕು.

ಒಳಗೆ ಬೆರಳುಗುರಿನಷ್ಟು ಬೋರ್ಡು. ಕೈ ಬೀಸಿದ್ದನ್ನು ಹಿಡಿದು ಹೆಜ್ಜೆ ಎಣಿಸುವ ಆಕ್ಸೆಲೆರೊಮೀಟರ್ ಅದರಲ್ಲೇ ಅಡಗಿದೆ. ತಳದಲ್ಲಿ ಹಸಿರು ಎಲ್‌ಇಡಿ, ಪಕ್ಕದಲ್ಲಿ ಬೆಳಕು ಗ್ರಹಿಸುವ ಕಣ್ಣು. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಾಗಿ, ಹಿಂದಿರುಗುವ ಬೆಳಕು ಚೂರು ಕಡಿಮೆಯಾಗುತ್ತದೆ. ಆ ಏರಿಳಿತ ಎಣಿಸಿದರೆ ಎದೆಬಡಿತ. ಇದೆಲ್ಲ ನಾಲ್ಕು ವರ್ಷದ ಮೇಲೂ ಸರಿಯಾಗಿಯೇ ಇತ್ತು. ಕೆಟ್ಟದ್ದು ಒಂದು ಬ್ಯಾಟರಿ. ಅದಕ್ಕಾಗಿ ಇಷ್ಟನ್ನೂ ಕಸಕ್ಕೆ ಎಸೆಯಬೇಕಿತ್ತು!

ಬ್ಯಾಟರಿಯ ಮೈಮೇಲಿನ ಸಂಖ್ಯೆಯೇ ಅದರ ವಿಳಾಸ. ಉದಾಹರಣೆಗೆ 401020 ಎಂದಿದ್ದರೆ 4 ಮಿಲಿಮೀಟರ್ ದಪ್ಪ, 10 ಅಗಲ, 20 ಉದ್ದ. ಅಳತೆಯಷ್ಟೇ ಮುಖ್ಯವಾದದ್ದು ವೋಲ್ಟೇಜು. 4.2 ವೋಲ್ಟಿಗೆ ನಿಲ್ಲಬೇಕಾದ ಬ್ಯಾಟರಿಯನ್ನು 4.35 ವೋಲ್ಟಿನವರೆಗೆ ತುಂಬುವ ಬೋರ್ಡಿಗೆ ಜೋಡಿಸಿದರೆ ಅದು ಉಬ್ಬಬಹುದು, ಹೊತ್ತಿಕೊಳ್ಳಲೂಬಹುದು. ತಲೆಯ ಕಡೆ ಹಳದಿ ಟೇಪಿನಡಿ ಪುಟ್ಟ ರಕ್ಷಣಾ ಸರ್ಕ್ಯೂಟ್ ಇದೆಯೇ ಎಂದೂ ನೋಡಬೇಕು. ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಗಳಲ್ಲಿ ನಮ್ಮ ಅಳತೆಯದು ಸಿಗಲಿಲ್ಲ. ಆನ್‌ಲೈನಿನಲ್ಲಿ 280 ರೂಪಾಯಿಗೆ ತರಿಸಿದೆವು.

ಹಳೆಯದನ್ನು ತೆಗೆಯುವಾಗ ಗೆಳೆಯ ಕತ್ತರಿಯಿಂದ ಮೊದಲು ಕೆಂಪು ವೈರ್ ಕತ್ತರಿಸಿ, ಅದರ ತುದಿಗೆ ಟೇಪ್ ಸುತ್ತಿ, ಆಮೇಲೆ ಕಪ್ಪನ್ನು ಕತ್ತರಿಸಿದ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಲೋಹದ ಮೂಲಕವೇ ಶಾರ್ಟ್ ಆಗುತ್ತದೆ. ಹೊಸ ವೈರುಗಳನ್ನು ಬೋರ್ಡಿಗೆ ಬೆಸೆಯಲು ಅವನಿಗೆ ನಾಲ್ಕು ನಿಮಿಷ ಸಾಕಾಯಿತು. ಕೈ ಅಲುಗಲಿಲ್ಲ. ಆ ನಾಲ್ಕು ನಿಮಿಷದ ಹಿಂದೆ ಎರಡು ವರ್ಷದ ಐಟಿಐ ಇತ್ತು.

ನೆನಪಿರಲಿ

* ಪರದೆಯೇ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಅದನ್ನು ಚಾರ್ಜ್ ಮಾಡಬೇಡಿ, ಒತ್ತಬೇಡಿ, ಮನೆಯಲ್ಲಿ ಬಿಚ್ಚಲೂ ಹೋಗಬೇಡಿ.
* ಬ್ಲೇಡು, ಚಾಕು, ಸೂಜಿ ಬೇಡ. ಪ್ಲಾಸ್ಟಿಕ್ ಸಲಕರಣೆಯೇ ಸಾಕು.
* ಕಿಟಕಿ ತೆರೆದಿರಲಿ, ಪಕ್ಕದಲ್ಲಿ ಒಂದು ಡಬ್ಬಿ ಒಣಮರಳು ಇರಲಿ.
* ಬೆಸುಗೆ ಬಾರದಿದ್ದರೆ ಬಲ್ಲವರ ಕೈಗೆ ಕೊಡಿ. ಬ್ಯಾಟರಿಯ ಮೈಗೆ ಬಿಸಿ ಕಬ್ಬಿಣ ತಾಗಬಾರದು.
* ಹಳೆಯ ಬ್ಯಾಟರಿಯ ವೈರುಗಳ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವಲ್ಲಿ ಕೊಡಿ. ಕಸದ ಬುಟ್ಟಿಗೆ ಹಾಕಬೇಡಿ.

ಈ ಎಚ್ಚರಿಕೆ ಬರೀ ಹೆದರಿಕೆಯ ಮಾತಲ್ಲ. 2022ರ ಮಾರ್ಚ್‌ನಲ್ಲಿ ಫಿಟ್‌ಬಿಟ್ ಕಂಪನಿ ಬ್ಯಾಟರಿ ಕಾಯುವ ದೋಷಕ್ಕಾಗಿ ತನ್ನ ಅಯಾನಿಕ್ ವಾಚುಗಳನ್ನು ವಾಪಸ್ ಕರೆಸಿಕೊಂಡಿತ್ತು. ಅಮೆರಿಕದಲ್ಲೇ 78 ಸುಟ್ಟಗಾಯದ ಪ್ರಕರಣಗಳು ವರದಿಯಾಗಿದ್ದವು.

ಗಳಿಸಿದ್ದು, ಕಳೆದದ್ದು

ಅಂಟು ಹಚ್ಚಿ, ರಬ್ಬರ್ ಬ್ಯಾಂಡ್ ಬಿಗಿದು ಒಂದು ದಿನ ಬಿಟ್ಟೆವು. ಈಗ ಒಮ್ಮೆ ಚಾರ್ಜ್ ಮಾಡಿದರೆ ಆರು ದಿನ ಬರುತ್ತದೆ. ಹೊಸದರಲ್ಲಿ ಬರುತ್ತಿದ್ದ ಹತ್ತು ದಿನ ಬರುವುದಿಲ್ಲ. ಅಂಟು, ಆಲ್ಕೊಹಾಲ್ ಎಲ್ಲ ಸೇರಿ ಖರ್ಚು ಐನೂರರ ಒಳಗೆ. ಎದೆಬಡಿತ ಸರಿ ತೋರಿಸುತ್ತದೆಯೇ ಎಂದು ತಿಳಿಯಲು ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದೆ. ಕೂತಾಗ ಎರಡೂ ಹೊಂದಿದವು. ಆದರೆ ಒಮ್ಮೆ ಬಿಚ್ಚಿದ ಬ್ಯಾಂಡಿಗೆ ಮೊದಲಿನ ನೀರುನಿರೋಧಕ ಗುಣ ಇರುವುದಿಲ್ಲ. ಸ್ನಾನಕ್ಕೆ, ಈಜಿಗೆ ತೆಗೆದಿಡಲೇಬೇಕು. ಮಳೆಯಲ್ಲಿ ಓಡುವಾಗ ನಾನು ಕಟ್ಟುವುದೇ ಇಲ್ಲ.

ಯಂತ್ರ ಚೆನ್ನಾಗಿದ್ದು ಆ್ಯಪ್ ಕೈಕೊಟ್ಟಾಗಲೂ ದಾರಿಯಿದೆ. ಗ್ಯಾಜೆಟ್‌ಬ್ರಿಡ್ಜ್ ಎನ್ನುವ ಉಚಿತ ಆಂಡ್ರಾಯ್ಡ್ ಆ್ಯಪ್, ಹಲವು ಕಂಪನಿಗಳ ಹಳೆಯ ಬ್ಯಾಂಡುಗಳನ್ನು ಕಂಪನಿಯ ಖಾತೆಯ ಹಂಗಿಲ್ಲದೆ ನಡೆಸುತ್ತದೆ. ಪೆಬಲ್ ಕಂಪನಿ 2016ರಲ್ಲಿ ಬಾಗಿಲು ಮುಚ್ಚಿದಾಗ ಅದರ ವಾಚ್ ಕಟ್ಟಿದವರೇ ರೆಬಲ್ ಎಂಬ ಗುಂಪು ಕಟ್ಟಿಕೊಂಡು ಸೇವೆ ಮುಂದುವರಿಸಿದರು.

ಕಾನೂನೂ ನಿಧಾನಕ್ಕೆ ಈ ಕಡೆ ಹೊರಳುತ್ತಿದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಇವು ಮೊದಲು ಆರಿಸಿಕೊಂಡ ಕ್ಷೇತ್ರಗಳು. ಐರೋಪ್ಯ ಒಕ್ಕೂಟದಲ್ಲಿ 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟು, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಹಾಕುವಂತಿರಬೇಕು. ನಾವು ಕೊಳ್ಳುವಾಗಲೇ "ಇದರ ಬ್ಯಾಟರಿ ಬದಲಿಸಬಹುದಾ?" ಎಂದು ಕೇಳತೊಡಗಿದರೆ ಕಂಪನಿಗಳ ಕಿವಿಗೂ ಬಿದ್ದೀತು.

ನನ್ನ ಬ್ಯಾಂಡು ನೋಡಿ ಲೈಬ್ರರಿಯ ಗೆಳೆಯರು ತಮ್ಮ ತಮ್ಮ ಡ್ರಾವರ್ ತೆರೆದಿದ್ದಾರೆ. ಕಳೆದ ತಿಂಗಳು ಐದು ಬ್ಯಾಂಡು ಬಂದವು. ಎರಡು ಬರೀ ಪಿನ್ ಉಜ್ಜಿದ್ದಕ್ಕೇ ಎದ್ದವು, ಅದಕ್ಕೆ ಗೆಳೆಯ ದುಡ್ಡು ಮುಟ್ಟಲಿಲ್ಲ. ಎರಡಕ್ಕೆ ಬ್ಯಾಟರಿ ಹಾಕಿದ, ಕೂಲಿ ಇನ್ನೂರು. ಉಬ್ಬಿದ್ದ ಒಂದನ್ನು ಮುಟ್ಟದೆ ವಾಪಸ್ ಕಳಿಸಿದ. ಮೊಬೈಲ್ ಅಂಗಡಿಯ ಕಾಕಾ ಮೊನ್ನೆ ಅವನನ್ನು ಕರೆದು, ಅಂಗಡಿಯ ಮೂಲೆಯಲ್ಲಿ ಒಂದು ಟೇಬಲ್ ಹಾಕಿಕೋ ಎಂದಿದ್ದಾರೆ. ಅರ್ಜಿ ಹಾಕಿದ ಎಂಟು ಕಂಪನಿಗಳಿಂದ ಅವನಿಗಿನ್ನೂ ಉತ್ತರ ಬಂದಿಲ್ಲ. ಟೇಬಲ್ಲಿಗೆ ಬೇಕಾದ ಲೈಟು ಮಾತ್ರ ಈಗಾಗಲೇ ಕೊಂಡಾಗಿದೆ.