ಅಪ್ಪನ ಹೀಮ್ಯಾನ್, ಕಾಕಾನ ಅರ್ಧ ಕತ್ತಿ

ಮೊದಲ ಸಂಬಳದಲ್ಲಿ ಅಪ್ಪನಿಗೆ ಅಂಗಿ, ಗಡಿಯಾರ ಎಲ್ಲ ಬಿಟ್ಟು ಒಂದು ಗೊಂಬೆ ತರಿಸಿದೆ. ಹುಕ್ಕೇರಿಯ ನಮ್ಮ ಮನೆಗೆ ಪಾರ್ಸೆಲ್ ಬಂದಾಗ ಅವ್ವ, ‘ಐವತ್ತಕ್ಕ ಬಂದಾಂವಗ ಆಟಿಗಿ ಸಾಮಾನ ತರಿಸೀಯಲ್ಲ, ಬುದ್ಧಿ ಐತೇನು ನಿನಗ?’ ಎಂದಳು. ಅಪ್ಪ ಮಾತ್ರ ಪೊಟ್ಟಣ ಬಿಚ್ಚಿದವನೇ ‘ಹೀಮ್ಯಾನ್!’ ಎಂದು ಹತ್ತು ವರ್ಷದ ಹುಡುಗನಂತೆ ಕೂಗಿದ.

ಹೀಮ್ಯಾನ್ ಹುಟ್ಟಿದ್ದು 1982ರಲ್ಲಿ, ಅಮೆರಿಕದ ಮ್ಯಾಟೆಲ್ ಕಂಪನಿಯ ಗೊಂಬೆಯಾಗಿ. ಎಟರ್ನಿಯಾ ಎಂಬ ಗ್ರಹದ ವೀರನೀತ. ಅಲ್ಲಿ ಕತ್ತಿ, ಮಂತ್ರಗಳ ಜೊತೆಗೇ ಲೇಸರ್ ಬಂದೂಕು, ಹಾರುವ ಗಾಡಿಗಳೂ ಉಂಟು. ಮರುವರ್ಷ ಕಾರ್ಟೂನ್ ಬಂತು. ನಮ್ಮ ದೂರದರ್ಶನವೂ ಅದನ್ನು ತೋರಿಸಿತು. ಆ ಹಳೆಯ ಗೊಂಬೆಗಳನ್ನೇ ಹೋಲುವ ‘ಒರಿಜಿನ್ಸ್’ ಸರಣಿಯನ್ನು ಮ್ಯಾಟೆಲ್ 2020ರಲ್ಲಿ ತಂದಿತು. ನಾನು ತರಿಸಿದ್ದು ಅದರಲ್ಲೊಂದು.

ಎತ್ತರ ಹಳೆಯದರಂತೆ ಸುಮಾರು ಐದೂವರೆ ಇಂಚು. ಹಳೆಯದು ಕುತ್ತಿಗೆ, ತೋಳು, ಸೊಂಟ, ತೊಡೆ ಎಂದು ಆರು ಕಡೆ ಮಾತ್ರ ತಿರುಗುತ್ತಿತ್ತು. ಹೊಸದಕ್ಕೆ 16 ಕೀಲು. ಮೊಣಕಾಲು ಮಡಚಿ ಕೂಡಿಸಬಹುದು. ತಲೆ, ಬೂಟು ಬಿಚ್ಚಿ ಅದೇ ಸರಣಿಯ ಇನ್ನೊಂದು ಗೊಂಬೆಗೆ ಹಾಕಬಹುದು. ಆದರೆ ಅಪ್ಪ ಮೊದಲು ಮಾಡಿದ್ದು ಸೊಂಟ ತಿರುಗಿಸಿ ಬಿಟ್ಟದ್ದು. ಹಳೆಯದರ ಸೊಂಟದಲ್ಲಿ ಸ್ಪ್ರಿಂಗ್ ಇತ್ತು. ಹೀಗೆ ಬಿಟ್ಟರೆ ರಪ್ಪನೆ ಗುದ್ದುತ್ತಿತ್ತು. ಇದು ತಿರುಗಿಸಿದಲ್ಲೇ ನಿಂತಿತು. ‘ಇಂವ ಕುಂದರತಾನ, ಏಳತಾನ. ಹೊಡಿಯೂದಿಲ್ಲ’ ಎಂದು ಅಪ್ಪ ನಕ್ಕ.

‘ನಿಂದು ಹಳೇದು ಎಲ್ಲೈತೆಪಾ?’ ಎಂದೆ. ಅದರ ಕಾಲು ಕಳಚಿ ಎಂದೋ ಹೋಗಿತ್ತು. ಉಳಿದದ್ದು ಕತ್ತಿ ಮಾತ್ರ, ಅದೂ ಅರ್ಧ. ಆ ಕಾಲದಲ್ಲಿ ಹೀಮ್ಯಾನ್‌ಗೆ ಅರ್ಧ ಕತ್ತಿ, ಅವನ ವೈರಿ ಸ್ಕೆಲಿಟರ್‌ಗೆ ಇನ್ನರ್ಧ ಕೊಡುತ್ತಿದ್ದರು. ಎರಡೂ ಕೂಡಿದರೆ ಒಂದು ಕತ್ತಿ. ಪುಣೆಯಲ್ಲಿದ್ದ ಮಾವ ಅಣ್ಣನಿಗೆ ಹೀಮ್ಯಾನ್, ತಮ್ಮನಿಗೆ ಸ್ಕೆಲಿಟರ್ ತಂದಿದ್ದನಂತೆ. ಆ ತಮ್ಮನೇ ಮೂಡಲಗಿಯ ನನ್ನ ಕಾಕಾ. ಹೊಲದ ಪಾಲಿನ ಜಗಳವಾಗಿ ಆರು ವರ್ಷ. ಅಣ್ಣತಮ್ಮಂದಿರಿಗೆ ಮಾತಿಲ್ಲ.

ಅಪ್ಪನ ಅರ್ಧ ಕತ್ತಿಯನ್ನು ಕೈಯಲ್ಲಿ ಹಿಡಿದಾಗ ಹಗುರವಾಗಿತ್ತು. ಅದು ಪ್ಲಾಸ್ಟಿಕ್ ಅಲ್ಲ, ಮರ! ಮೊದಲಿನದು ಕಳೆದಾಗ ಅಜ್ಜ ಗೋಕಾಕದ ಗೊಂಬೆ ಮಾಡುವವರಿಂದ ಕೆತ್ತಿಸಿ ತಂದದ್ದಂತೆ.

ಹಳೆಯ ಸ್ಕೆಲಿಟರ್ ನೋಡಬೇಕೆಂಬ ನೆಪದಲ್ಲಿ ಆ ಕತ್ತಿಯನ್ನು ಕಿಸೆಯಲ್ಲಿಟ್ಟು ಹೊರಟೆ. ಗೋಕಾಕದಲ್ಲಿ ಬಸ್ಸು ಬದಲಿಸುವ ಮುಂಚೆ ಪೇಟೆಯಲ್ಲಿ ಮರದ ಗೊಂಬೆ ನೋಡಿದೆ. ಹಗುರ ಮರ ಕೆತ್ತಿ ಬಣ್ಣ ಬಳಿದ ಹಣ್ಣು, ಕಾಯಿಪಲ್ಲೆ ನಿಜವೆಂದೇ ಕೈ ಹಾಕುವಂತಿದ್ದವು. ಇಂಥ ಕೈಗಳಿಗೆ ಎಟರ್ನಿಯಾದ ಕತ್ತಿಯೊಂದು ಯಾವ ಲೆಕ್ಕ ಅನಿಸಿತು.

ಕಾಕಾ ಚಹಾ ಕುಡಿಸಿ, ಟ್ರಂಕಿನಿಂದ ಸ್ಕೆಲಿಟರ್‌ನನ್ನು ತೆಗೆದ. ಹಳದಿ ಬುರುಡೆ, ನೀಲಿ ಮೈ. ಎರಡು ಅರ್ಧ ಕತ್ತಿಗಳನ್ನು ಕೂಡಿಸಿದ. ಪೂರ್ತಿ ಕೂಡಲಿಲ್ಲ, ಕೂದಲೆಳೆಯಷ್ಟು ಸಂದು ಉಳಿಯಿತು. ಬಹಳ ಹೊತ್ತು ನೋಡಿ, ‘ಮೊದಲಿಂದನ್ನ ಕಳದಾಂವ ನಾನ. ಹೊಡತ ತಿಂದಾಂವ ನಿಮ್ಮಪ್ಪ. ನನ್ನ ಹೆಸರ ಹೇಳಲಿಲ್ಲ’ ಎಂದ.

ಹೊರಡುವಾಗ ಮರದ್ದನ್ನು ತಾನಿಟ್ಟುಕೊಂಡು ತನ್ನ ಪ್ಲಾಸ್ಟಿಕ್ ಅರ್ಧವನ್ನು ನನ್ನ ಕೈಗಿತ್ತ. ‘ಇದನ್ನ ಅಣ್ಣಗ ಕೊಡು. ಅವಂದು ಬೇಕಂದ್ರ ಬಂದು ಒಯ್ಯಂತ ಹೇಳು.’

ಹೊಸ ಹೀಮ್ಯಾನ್‌ಗೆ ನನ್ನ ಅಂಕ ಹತ್ತಕ್ಕೆ ಏಳು. ಅಂದ ಹಾಗೇ ಇದೆ, ಕೀಲು ಹೆಚ್ಚಿವೆ, ಸ್ಪ್ರಿಂಗ್ ಇಲ್ಲ. ಕಂಪನಿ ಗೊಂಬೆಯನ್ನು ಮತ್ತೆ ಅಚ್ಚು ಹಾಕಿಕೊಟ್ಟಿತು. ಅದರ ಜೊತೆ ಆಡಿದವರನ್ನು ಕೂಡಿಸುವುದು ನಮ್ಮ ಮನೆಯ ಕೆಲಸ.

ಕಾಕಾನ ಅರ್ಧ ಕತ್ತಿಯನ್ನು ಅಪ್ಪ ಹೊಸ ಗೊಂಬೆಯ ಪಕ್ಕ ಇಟ್ಟಿದ್ದಾನೆ. ಏನೂ ಅನ್ನಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಮಾತ್ರ ಕೇಳಿದ: ‘ಗೋಕಾಕದಿಂದ ಮೂಡಲಗಿಗೆ ಮುಂಜಾನೆ ಬಸ್ ಎಷ್ಟಕ್ಕ ಐತಿ?’